ಆ ಪಾಸ್ ಕೊಟ್ಟವನ ಹೆಸರೂ ಹಾಕಿ

ಭಾವ: [ಫಾರ್ವರ್ಡ್ ಮಾಡಿದ ವಿಡಿಯೊ] 2014ರ ಫುಟ್‌ಬಾಲ್ ವಿಶ್ವಕಪ್, ಸ್ಪೇನ್ ವಿರುದ್ಧ ನೆದರ್ಲೆಂಡ್ಸ್‌ನ ವಾನ್ ಪರ್ಸಿ ಹಾರಿ ತಲೆಯಿಂದ ಹೊಡೆದ ಹೆಡರ್. ಪೂರ್ತಿ ಅವನೊಬ್ಬನ ಗೋಲು.

ಚಿಕ್ಕಪ್ಪ: ಒಬ್ಬನದಲ್ಲ. ಐದು ಸೆಕೆಂಡ್ ಹಿಂದಕ್ಕೆ ಎಳೆದು ನೋಡಿ. ಎಡಗಡೆ, ಹಾಫ್‌ವೇ ಲೈನ್ ಹತ್ರ ಅದೇ ತಂಡದ ಡಿಫೆಂಡರ್ ಡೇಲಿ ಬ್ಲಿಂಡ್ ತಲೆ ಎತ್ತಿ ನೋಡಿದ, ಎಡಗಾಲಲ್ಲಿ ಕಳಿಸಿದ. ಚೆಂಡು ಸ್ಪೇನ್ ಡಿಫೆಂಡರ್‌ಗಳ ಬೆನ್ನ ಹಿಂದೆ ಇಳೀತು. ಅವರ ಗೋಲ್‌ಕೀಪರ್ ಕಸಿಯಾಸ್‌ಗೆ ಮುಂದೆ ಬಂದು ಹಿಡಿಯೋಕೂ ದೂರ, ಹಿಂದೆ ಸರಿಯೋಕೂ ಟೈಮಿಲ್ಲ. 53ನೇ ನಿಮಿಷದಲ್ಲಿ ರಾಬೆನ್ ಗೋಲಿಗೂ ಇವನದೇ ಪಾಸು. ನೆದರ್ಲೆಂಡ್ಸ್ ಮ್ಯಾಚ್ ಗೆದ್ದಿದ್ದು 5-1.

ತಮ್ಮ: ಪಾಸು ಒಪ್ಪಿದೆ. ಆದ್ರೆ ಡಿಫೆಂಡರ್ ಕೆಲಸ ತಡೆಯೋದು. ಬ್ಲಿಂಡ್‌ಗೆ ಓಟ ಇಲ್ಲ, ಎತ್ತರವೂ 1.80 ಮೀಟರ್ ಅಷ್ಟೇ. ಆ ಮ್ಯಾಚಲ್ಲಿ ಹಿಂದೆ ಮೂರು ಸೆಂಟರ್ ಬ್ಯಾಕ್ (ಗೋಲಿನ ಎದುರು ನಡುವೆ ನಿಲ್ಲೋ ಡಿಫೆಂಡರ್) ಇದ್ರು, ಅವನು ವಿಂಗ್ ಬ್ಯಾಕ್, ಅಂದ್ರೆ ಅಂಚಲ್ಲಿ ಹಿಂದೆ ಮುಂದೆ ಓಡಾಡೋನು. ಅವನು ಮೇಲೆ ಹೋದ್ರೆ ಆ ಮೂವರಲ್ಲಿ ಒಬ್ಬ ಮಾರ್ಟಿನ್ಸ್ ಇಂಡಿ ಆ ಕಡೆ ಸರಿದು ಮುಚ್ಚಬಹುದಿತ್ತು.

ಚಿಕ್ಕಪ್ಪ: ಹಾಗಾದ್ರೆ 2015-16 ನೋಡು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕೋಚ್ ವಾನ್ ಗಾಲ್ ಅವನನ್ನ ಎತ್ತರದ ಸ್ಮಾಲಿಂಗ್ ಪಕ್ಕ ಸೆಂಟರ್ ಬ್ಯಾಕ್ ಆಗಿ ನಿಲ್ಲಿಸಿದ್ರು. ಲೀಗಲ್ಲಿ ಬಿಟ್ಟುಕೊಟ್ಟಿದ್ದು 35 ಗೋಲು. ಅದಕ್ಕಿಂತ ಕಮ್ಮಿ ಯಾವ ತಂಡವೂ ಬಿಡಲಿಲ್ಲ, ಸಮ ಅಂದ್ರೆ ಟಾಟೆನ್‌ಹ್ಯಾಮ್ ಒಂದೇ. ಹೆಡರ್‌ಗೆ ಸ್ಮಾಲಿಂಗ್ ಎದ್ದಾಗ ಬ್ಲಿಂಡ್ ನಾಲ್ಕು ಹೆಜ್ಜೆ ಹಿಂದೆ ನಿಂತು, ಕೆಳಗೆ ಬಿದ್ದ ಚೆಂಡು ಎತ್ತಿಕೊಳ್ತಿದ್ದ. ಓಟ ಇಲ್ಲದವನು ಮುಂಚೆನೇ ಹೊರಡಬೇಕು. ಅವನು ಹೊರಡ್ತಿದ್ದ.

ತಮ್ಮ: ಮತ್ತೆ 2019ರ ಮೇ 8, ಚಾಂಪಿಯನ್ಸ್ ಲೀಗ್ ಸೆಮಿಫೈನಲ್? ಬ್ಲಿಂಡ್ ಆಡ್ತಿದ್ದ ಅಯಾಕ್ಸ್ 2-0 ಮುಂದೆ. ಹಾಫ್ ಟೈಮಲ್ಲಿ ಟಾಟೆನ್‌ಹ್ಯಾಮ್‌ನವರು ಎತ್ತರದ ಸ್ಟ್ರೈಕರ್ ಯೊರೆಂತೆನ ಇಳಿಸಿ ಉದ್ದ ಚೆಂಡು ಹಾಕೋಕೆ ಶುರು ಮಾಡಿದ್ರು. ನಡುವೆ ಹೋಗಿ ಕಸಿಯೋಕೆ ನೆಲದ ಮೇಲೆ ಪಾಸೇ ಇಲ್ಲ, ಬ್ಲಿಂಡ್ ಓದೋದೇನು? 96ನೇ ನಿಮಿಷ: ಉದ್ದ ಚೆಂಡು, ಯೊರೆಂತೆ, ಆಲಿ, ಮೌರಾ. ಮೌರಾಗೆ ಹ್ಯಾಟ್ರಿಕ್, ಅಯಾಕ್ಸ್ ಹೊರಗೆ.

ಚಿಕ್ಕಪ್ಪ: ಅದು ನಿಜ. ಗಾಳಿಯಲ್ಲಿ ಬರೋ ಆಟಕ್ಕೆ ಅವನ ಹತ್ರ ಉತ್ತರ ಕಮ್ಮಿ. ಪಕ್ಕದಲ್ಲಿ ಎತ್ತರದವನು ಬೇಕು, ಎದುರಾಳಿ ಅವನನ್ನೂ ಜಾಗ ಬಿಟ್ಟು ಹೊರಗೆ ಎಳೆದ್ರೆ ಕಷ್ಟ.

ಅಕ್ಕ: ಇಬ್ಬರೂ ಬ್ಲಿಂಡ್ ಎದೆಯಲ್ಲಿರೋ ಯಂತ್ರದ ಮಾತೇ ಎತ್ತಲಿಲ್ಲ. 2019ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾ ಮ್ಯಾಚಲ್ಲಿ ತಲೆ ಸುತ್ತು ಬಂತು. ಪರೀಕ್ಷೆ ಮಾಡಿದ್ರೆ ಹೃದಯದ ಸ್ನಾಯುವಿನ ಉರಿಯೂತ. ಐಸಿಡಿ ಅಂತ ಹೃದಯದ ಬಡಿತ ಕಾಯೋ ಪುಟ್ಟ ಯಂತ್ರ ಹಾಕಿದ್ರು, ಚರ್ಮದ ಕೆಳಗೆ ಕೂರಿಸೋ ತರದ್ದು. ಅದರ ತಂತಿ ಎದೆಮೂಳೆ ಪಕ್ಕ ಹೋಗುತ್ತೆ, ಹೃದಯದ ಒಳಗೆ ಇಳಿಯಲ್ಲ. ಲಯ ಅಪಾಯಕಾರಿಯಾಗಿ ತಪ್ಪಿದ್ರೆ ಗುರುತಿಸಿ ಶಾಕ್ ಕೊಡುತ್ತೆ. 2020ರ ಫೆಬ್ರವರಿಯಲ್ಲೇ ವಾಪಸ್ ಬಂದ. ಆಗಸ್ಟ್‌ನಲ್ಲಿ ಹೆರ್ತಾ ಬರ್ಲಿನ್ ಜೊತೆ ಫ್ರೆಂಡ್ಲಿಯಲ್ಲಿ ಯಂತ್ರ ಕೆಲಸ ಮಾಡಿತು, ಅವನು ಮೈದಾನದಲ್ಲೇ ಕೂತ. ಆಮೇಲೂ ಆಡಿದ.

ಭಾವ: ಡೆನ್ಮಾರ್ಕ್ ಆಟಗಾರ ಎರಿಕ್ಸನ್‌ಗೂ ಐಸಿಡಿ ಹಾಕಿದ್ರು ಅಲ್ವಾ?

ಅಕ್ಕ: ಹೌದು. ಇಟಲಿಯ ನಿಯಮ ಐಸಿಡಿ ಇರೋರಿಗೆ ಅಲ್ಲಿ ಆಡೋಕೆ ಬಿಡಲ್ಲ, ಅದಕ್ಕೇ ಎರಿಕ್ಸನ್ ಅಲ್ಲಿನ ಇಂಟರ್ ಕ್ಲಬ್ ಬಿಟ್ಟ. ನೆದರ್ಲೆಂಡ್ಸ್, ಜರ್ಮನಿ, ಸ್ಪೇನ್‌ನಲ್ಲಿ ಬ್ಲಿಂಡ್‌ಗೆ ಆ ತಡೆ ಬರಲಿಲ್ಲ.

ತಮ್ಮ: ಇದನ್ನ ಲೆಕ್ಕಕ್ಕೆ ತಗೊಂಡಿರಲಿಲ್ಲ. 2022ರ ವಿಶ್ವಕಪ್‌ನಲ್ಲಿ ಅಮೆರಿಕ ವಿರುದ್ಧ ಜೊತೆಗಾರ ಡುಮ್‌ಫ್ರೀಸ್ ಬಲಗಡೆಯಿಂದ ಎಳೆದುಕೊಟ್ಟ ಚೆಂಡಿಗೆ ಗೋಲು ಹೊಡೆದಿದ್ದೂ ಅದಾದ ಮೇಲೆನೇ.

ಚಿಕ್ಕಪ್ಪ: ಹೊಡೆದು ನೇರ ಬೆಂಚಿಗೆ ಓಡಿದ. ಅಪ್ಪ ಡ್ಯಾನಿ ಬ್ಲಿಂಡ್ ಆಗ ಅಲ್ಲಿ ಸಹಾಯಕ ಕೋಚ್. 1995ರಲ್ಲಿ ಅಯಾಕ್ಸ್ ಚಾಂಪಿಯನ್ಸ್ ಲೀಗ್ ಗೆದ್ದಾಗಿನ ಕ್ಯಾಪ್ಟನ್. ಆ ತಬ್ಬುಗೆ ನೋಡಿ.

ತಮ್ಮ: ನೋಡ್ತೀನಿ. ಆದ್ರೂ ಎತ್ತರದ ಸ್ಟ್ರೈಕರ್ ಎದುರು ನಾನು ಅವನನ್ನ ಸೆಂಟರ್ ಬ್ಯಾಕ್ ಆಡಿಸಲ್ಲ.

ಚಿಕ್ಕಪ್ಪ: ಸ್ಪೇನ್‌ನ ಜಿರೋನಾ ಕ್ಲಬ್ಬಿಗೆ ಕೋಚ್ ಆಗಿದ್ದ ಮಿಚೆಲ್ ಆಡಿಸಿದ್ರು, 33 ದಾಟಿದವನನ್ನ. 2023-24ರಲ್ಲಿ ಲಾ ಲಿಗಾ ಮೂರನೇ ಸ್ಥಾನ, ಆ ಕ್ಲಬ್ಬಿಗೆ ಮೊದಲ ಸಲ ಚಾಂಪಿಯನ್ಸ್ ಲೀಗ್.

ಭಾವ: ಸರಿ, ವಿಡಿಯೊ ಮತ್ತೆ ಹಾಕ್ತೀನಿ, ಪಾಸ್‌ನಿಂದ ಶುರು ಆಗೋ ಹಾಗೆ.