ಕಾಲಿಗೆ ಗುಂಡು ಹೊಡೆದ ಮೇಲೆ ಕಾನೂನು ಪ್ರಕಾರ ಏನೇನು ಆಗಬೇಕು?

ತುಂಗಾತೀರ:
‘ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆ, ಆರೋಪಿಯ ಕಾಲಿಗೆ ಗುಂಡೇಟು’. ಈ ಸುದ್ದಿ ನಮ್ಮಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕಾಲಿಗೇ ಹೊಡೆಯಬೇಕು ಅಂತ ಯಾವ ಕಾನೂನಿನಲ್ಲಿದೆ? ಆರೋಪಿ ಬದುಕಿದ್ದರೆ 2014ರ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಅನ್ವಯಿಸಲ್ಲ ಅನ್ನುತ್ತಾರೆ, ನಿಜವೇ?

ಕರಿಕೋಟು:
ನಿಜವಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್, ಮಹಾರಾಷ್ಟ್ರ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣದ ಆ ತೀರ್ಪಿನ 16 ಅಂಶಗಳು ಎನ್‌ಕೌಂಟರ್‌ನಲ್ಲಿ ತೀವ್ರ ಗಾಯವಾದರೂ ಸಾಧ್ಯವಾದಷ್ಟು ಅನ್ವಯಿಸುತ್ತವೆ ಎಂದು ಅದರಲ್ಲೇ ಬರೆದಿದೆ. ಹೀಗಾಗಿ ಎಫ್‌ಐಆರ್ ಆಗಲೇಬೇಕು. ತನಿಖೆ ಸಿಐಡಿಗೆ ಅಥವಾ ಬೇರೆ ಠಾಣೆಯ ತಂಡಕ್ಕೆ ಹೋಗಬೇಕು. ಮೇಲ್ವಿಚಾರಣೆ ಮಾಡುವವರು ಗುಂಡು ಹಾರಿಸಿದ ತಂಡದ ಮುಖ್ಯಸ್ಥರಿಗಿಂತ ಕನಿಷ್ಠ ಒಂದು ಹಂತ ಮೇಲಿನವರಾಗಿರಬೇಕು. ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, ಮ್ಯಾಜಿಸ್ಟ್ರೇಟ್ ಅಥವಾ ವೈದ್ಯಾಧಿಕಾರಿ ಹೇಳಿಕೆ ಪಡೆಯಬೇಕು. ಪಿಸ್ತೂಲನ್ನು ಬ್ಯಾಲಿಸ್ಟಿಕ್ (ಬಂದೂಕು, ಗುಂಡಿನ) ಪರೀಕ್ಷೆಗೆ ಒಪ್ಪಿಸಬೇಕು. ಶೌರ್ಯ ಸಂದೇಹಾತೀತವಾಗಿ ಸಾಬೀತಾಗುವವರೆಗೆ ಪದಕವಿಲ್ಲ, ಸರದಿ ಮೀರಿದ ಬಡ್ತಿಯೂ ಇಲ್ಲ.

ಎಲ್ಲಿ ಜಾರುತ್ತದೆ ಅಂದರೆ, ಎಫ್‌ಐಆರ್ ಇರುತ್ತದೆ, ಆದರೆ ‘ಕರ್ತವ್ಯಕ್ಕೆ ಅಡ್ಡಿ, ಕೊಲೆ ಯತ್ನ’ ಎಂದು ಗಾಯಾಳುವಿನ ಮೇಲೆ ಮಾತ್ರ. ಗುಂಡು ಹಾರಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಯಾರೂ ತನಿಖೆ ಮಾಡುವುದಿಲ್ಲ.

ಕಾಲು, ಎದೆ ಎಂಬ ಮಾತು ಕಾನೂನಿನಲ್ಲಿಲ್ಲ. ಪ್ರಾಣ ತೆಗೆಯುವ ಮಟ್ಟದ ಆತ್ಮರಕ್ಷಣೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 38 ಓದಿ: ಸಾವಿನ ಅಥವಾ ತೀವ್ರ ಗಾಯದ ನ್ಯಾಯಯುತ ಭಯ ಆ ಕ್ಷಣದಲ್ಲಿ ಇರಬೇಕು. ಕಲಂ 37ರ ಪ್ರಕಾರ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರಿಗೂ ಸಾಮಾನ್ಯರಿಗೂ ಇದು ಒಂದೇ. ಚಾಕು ಕೆಳಗೆ ಬಿದ್ದ ಮೇಲೆ ಹಾರಿದ ಎರಡನೇ ಗುಂಡಿಗೆ ಮೊದಲನೆಯದರ ಸಮರ್ಥನೆ ಸಾಲದು.

ಮದ್ದುಮಸಿ:
ಕಾಲು ‘ಸುರಕ್ಷಿತ ಜಾಗ’ ಅನ್ನುವುದೇ ಅಪಾಯದ ನಂಬಿಕೆ. ತೊಡೆಯ ಒಳಭಾಗದ ದೊಡ್ಡ ಅಪಧಮನಿ ಹರಿದರೆ ನಿಮಿಷಗಳಲ್ಲೇ ರಕ್ತಸ್ರಾವದಿಂದ ಜೀವ ಹೋಗುತ್ತದೆ. ಗಾಯದ ಮೇಲ್ಭಾಗಕ್ಕೆ ಟೂರ್ನಿಕೆ (ರಕ್ತ ತಡೆಯುವ ಪಟ್ಟಿ) ಬಿಗಿದು, ಬಿಗಿದ ಸಮಯ ಬರೆದಿಡಬೇಕು. ನುಗ್ಗಿ ಬರುವವನ ಕಾಲು ಚಿಕ್ಕ ಗುರಿ, ಅದೂ ಓಡುವ ಗುರಿ. ತಪ್ಪಿದ ಗುಂಡು ನೆಲಕ್ಕೆ ಬಡಿದು ಎತ್ತ ಚಿಮ್ಮುತ್ತದೋ ಹೇಳಲಾಗದು. ನಿಜಕ್ಕೂ ಪ್ರಾಣಭಯವಿದ್ದಾಗ ಪ್ರತಿಸಲ ಮೊಣಕಾಲ ಕೆಳಗೇ, ಒಂದೇ ಗುಂಡು ತಗುಲುತ್ತದೆ ಅಂದರೆ ಎಷ್ಟು ದೂರದಿಂದ ಹಾರಿಸಿದರು ಎಂದು ಅಳೆಯಲೇಬೇಕು.

ಅಳೆಯುವ ಸಾಕ್ಷ್ಯ ಇರುವುದು ಪ್ಯಾಂಟಿನ ಮೇಲೆ. ಕೈಪಿಸ್ತೂಲಿನ ಹೊಗೆಮಸಿ ಕೆಲವೇ ಇಂಚಿನೊಳಗೆ ಕೂರುತ್ತದೆ. ಸುಡದ ಮದ್ದಿನ ಚುಕ್ಕೆಗಳು ಸುಮಾರು ಎರಡು ಅಡಿಯ ಆಸುಪಾಸಿನವರೆಗೆ (ಪಿಸ್ತೂಲು, ಮದ್ದು ಬದಲಾದರೆ ಅಂತರವೂ ಬದಲು, ಅದಕ್ಕೇ ಅದೇ ಪಿಸ್ತೂಲಿನಿಂದ ಪರೀಕ್ಷಾರ್ಥ ಹಾರಿಸಿ ಹೋಲಿಸುತ್ತಾರೆ). ಆದರೆ ಆಸ್ಪತ್ರೆಯಲ್ಲಿ ತೂತಿನ ಮೇಲೇ ಕತ್ತರಿ ಆಡಿಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಮುಗಿಯಿತು, ಕೊಳೆಯುತ್ತದೆ. ತೂತು ಬಿಟ್ಟು ಕತ್ತರಿಸಿ, ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಮೊಹರು ಮಾಡಬೇಕು. ಗಾಯವನ್ನು ಅಳತೆಪಟ್ಟಿ ಇಟ್ಟು, ತೊಳೆಯುವ ಮುಂಚೆಯೇ ಫೋಟೊ ತೆಗೆಯಬೇಕು.

ತುಂಗಾತೀರ:
ಬೇಡಿ ಹಾಕಿದ್ದರೆ ಹಲ್ಲೆಯೇ ಆಗುತ್ತಿರಲಿಲ್ಲ ಅಲ್ಲವೇ?

ಕರಿಕೋಟು:
ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 43(3) ಕೊಲೆ, ಅತ್ಯಾಚಾರದಂಥ ಆರೋಪಗಳಲ್ಲಿ ಮತ್ತು ರೂಢಿಗತ ಅಪರಾಧಿಗಳಿಗೆ ಬೇಡಿ ಹಾಕಲು ಬಿಡುತ್ತದೆ, ಆದರೆ ಬಂಧಿಸುವಾಗ ಮತ್ತು ಕೋರ್ಟಿಗೆ ಹಾಜರುಪಡಿಸುವಾಗ ಅಂತಷ್ಟೇ ಹೇಳುತ್ತದೆ. ಮಹಜರಿನ ಮಾತಿಲ್ಲ. ಹಾಗಾಗಿ ಪೊಲೀಸ್ ಕಸ್ಟಡಿ ಕೇಳುವ ದಿನವೇ ಕಾರಣ ಬರೆದು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯುವುದು ಸರಿ.

ಇನ್ನೊಂದು, ನಸುಕಿನಲ್ಲೇ ಕರೆದೊಯ್ಯಲು ಯಾವ ಕಾನೂನೂ ಒತ್ತಾಯಿಸುವುದಿಲ್ಲ. 2023ರ ಸಾಕ್ಷ್ಯ ಅಧಿನಿಯಮದ ಕಲಂ 23ಕ್ಕೆ ಬೇಕಿರುವುದು ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತು ಪತ್ತೆಯಾಗುವುದು, ಹಗಲಲ್ಲೂ ಆಗುತ್ತದೆ. ಬಿಎನ್‌ಎಸ್‌ಎಸ್ ಕಲಂ 105ರಡಿ ಶೋಧ, ಜಪ್ತಿಯ ವಿಡಿಯೊ ಈಗ ಕಡ್ಡಾಯ. ವಕೀಲರು ಮೊದಲು ಕೇಳಬೇಕಾದ್ದು ಆ ವಿಡಿಯೊ ಕಡತ. ಅದು ಗುಂಡಿನ ಸದ್ದಿಗೆ ಮುಂಚೆ ನಿಂತಿದ್ದರೆ, ಯಾಕೆ ನಿಂತಿತು ಎಂದು ಅರ್ಜಿ ಹಾಕಿ.