ಆಮೆ ಟ್ಯಾಂಕಿನ ನೀರು ಎರಡೇ ದಿನಕ್ಕೆ ವಾಸನೆ ಬರುತ್ತಿದೆ, ಏನು ಮಾಡಲಿ?

ಕೇಳಿದವರು: ನಮ್ಮ ಆಮೆ ಅಂಗೈಯಷ್ಟಿದೆ. ವಾರಕ್ಕೆ ಎರಡು ಸಲ ಟ್ಯಾಂಕ್ ಪೂರ್ತಿ ಖಾಲಿ ಮಾಡುತ್ತೇನೆ. ಫಿಲ್ಟರಿನ ಸ್ಪಾಂಜನ್ನೂ ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ತೊಳೆಯುತ್ತೇನೆ. ಆದರೂ ಎರಡೇ ದಿನಕ್ಕೆ ನೀರು ಮಬ್ಬು, ವಾಸನೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಒಬ್ಬರು: ತೊಳೆದದ್ದೇ ಜಾಸ್ತಿ ಆಯಿತು ಅನ್ನಿಸುತ್ತದೆ. ನಾನೂ ಒಂದು ವರ್ಷ ಇದೇ ತಪ್ಪು ಮಾಡಿದವನು. ಆಮೆಯ ಹೇಸಿಗೆ, ಉಳಿದ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ. ಸ್ಪಾಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಇವು ನೆಲೆ ನಿಲ್ಲಲು ಸುಮಾರು 4ರಿಂದ 6 ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ಅವನ್ನೇ ಕೊಲ್ಲುತ್ತದೆ. ಪ್ರತಿ ವಾರ ನೀವು ಮೊದಲಿಂದ ಶುರು ಮಾಡಿದ ಹಾಗಾಯಿತು, ಅಲ್ವಾ?

ಈಗ ನಾನು ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸುತ್ತೇನೆ. ಪೈಪ್ ಇಟ್ಟು ತಳದ ಕೊಳೆ ಎಳೆಯುತ್ತೇನೆ. ಆ ನೀರನ್ನು ಬಕೆಟ್ಟಿಗೆ ಹಿಡಿದು, ಅದರಲ್ಲೇ ಸ್ಪಾಂಜನ್ನು ಎರಡು ಸಲ ಹಿಂಡಿದರೆ ಮುಗಿಯಿತು. ಕಂದು ಬಣ್ಣ ಉಳಿದರೆ ಉಳಿಯಲಿ. ಪೈಪನ್ನು ಬಾಯಲ್ಲಿ ಎಳೆಯಬೇಡಿ, ಆಮೆ ನೀರಿನಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಬಕೆಟ್ಟನ್ನು ಅಡುಗೆಮನೆ ಸಿಂಕಿಗೂ ಸುರಿಯಬೇಡಿ.

ಇನ್ನೊಬ್ಬರು: ಅದೆಲ್ಲ ಸರಿ, ಫಿಲ್ಟರ್ ಎಷ್ಟು ದೊಡ್ಡದು ಅಂತ ಯಾರೂ ಕೇಳಲಿಲ್ಲವಲ್ಲ! ಡಬ್ಬದ ಮೇಲಿನ ಲೀಟರ್ ಲೆಕ್ಕ ಸಾಮಾನ್ಯವಾಗಿ ಮೀನಿನದು. ಆಮೆಯ ಗಲೀಜೇ ಬೇರೆ. ನನ್ನದು 200 ಲೀಟರ್ ಟ್ಯಾಂಕ್. 500 ಲೀಟರಿಗೆ ಅಂತ ಬರುವ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಡಬ್ಬದಂಥದ್ದು) ಹಾಕಿದ ಮೇಲೇ ನೆಮ್ಮದಿ. ತಳದ ಸಣ್ಣ ಕಲ್ಲುಗಳನ್ನೂ ತೆಗೆದುಬಿಟ್ಟೆ. ಸಂದಿಯಲ್ಲೆಲ್ಲ ಹೇಸಿಗೆ ಕೂರುತ್ತಿತ್ತು. ಆಮೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ.

ಮತ್ತೊಬ್ಬರು: ಬೇರೆ ಟಬ್ಬಿನಲ್ಲಿ ಊಟ ಹಾಕಿ. ನಮ್ಮದು ತಿಂದು, ಅಲ್ಲೇ ಹೇಸಿಗೆಯನ್ನೂ ಮಾಡಿ ಬರುತ್ತದೆ, ಪುಣ್ಯಾತ್ಮ.

ಅದಕ್ಕೆ ಉತ್ತರ: ನಮ್ಮದು ಟಬ್ಬಿಗಿಳಿದರೆ ತಲೆ ಒಳಗೆಳೆದುಕೊಂಡು ಉಪವಾಸ! ಹಾಗಾಗಿ ಟ್ಯಾಂಕಿನಲ್ಲೇ ಸ್ವಲ್ಪ ಸ್ವಲ್ಪ ಹಾಕಿ, ಉಳಿದದ್ದನ್ನು ಬಲೆಯಿಂದ ತೆಗೆಯುತ್ತೇನೆ.

ಕೊನೆಯವರು: ನೀರು ತಿಳಿಯಾಗಿದೆ ಅಂತ ನಂಬಿ ನಾನು ಮೋಸ ಹೋದೆ. ಅಮೋನಿಯಾಕ್ಕೆ ಬಣ್ಣ ಇಲ್ಲ. ಆಮೆಯ ಕಣ್ಣು ಊದಿದಾಗ ವೈದ್ಯರು ಮೊದಲು ಕೇಳಿದ್ದು ನೀರಿನ ಬಗ್ಗೆಯೇ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇನ್ನು ಹೊಸ ನೀರು: ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಕೆಲವು ಕಡೆ ನಲ್ಲಿ ನೀರಿಗೆ ಕ್ಲೋರಿನ್ ಬದಲು ಹಾಕುವ ಕ್ಲೋರಮೈನ್ ಹೋಗುವುದಿಲ್ಲ. ಅದಕ್ಕೆ ಡೀಕ್ಲೋರಿನೇಟರ್ (ಇವನ್ನು ನಿಷ್ಕ್ರಿಯ ಮಾಡುವ ದ್ರಾವಣ) ಹಾಕಲೇಬೇಕು.

ಕೇಳಿದವರು: ಇವತ್ತು ಸ್ಪಾಂಜ್ ತೊಳೆಯುವ ದಿನ. ಕೈ ತುರಿಸುತ್ತಿದೆ, ಆದರೆ ಮುಟ್ಟಲಿಲ್ಲ.