ಈಸೂರು 1942: ಶಾಲೆಯ ಇತಿಹಾಸ ವರದಿಯನ್ನು ಕಟ್ಟುವುದು ಹೇಗೆ?

ಪ್ರಶ್ನೆ: ನಮಸ್ತೆ ಸರ್. ಮಗಳು ಒಂಬತ್ತನೇ ತರಗತಿ. ಆಂತರಿಕ ಮೌಲ್ಯಮಾಪನಕ್ಕೆ ‘ಈಸೂರಿನ ಸ್ವಾತಂತ್ರ್ಯ ಹೋರಾಟ’ ಅಂತ 1500 ಪದದ ಸಂಶೋಧನಾ ವರದಿ ಬರೆಯಬೇಕು. ಬರೆದು ಕೊಟ್ಟದ್ದನ್ನು ಟೀಚರ್ ‘ಇದು ಕಥೆ, ವರದಿ ಅಲ್ಲ’ ಎಂದು ವಾಪಸ್ ಮಾಡಿದ್ದಾರೆ. ಎಲ್ಲಿಂದ ತಿದ್ದಬೇಕು?

ಉತ್ತರ (ಇತಿಹಾಸ ಅಧ್ಯಾಪಕರು): ಶೀರ್ಷಿಕೆಯಿಂದಲೇ ತಿದ್ದಬೇಕು ಮೇಡಂ. ‘ಈಸೂರಿನ ಹೋರಾಟ’ ಅನ್ನುವುದು ವಿಷಯದ ಹೆಸರು, ಪ್ರಶ್ನೆಯಲ್ಲ. ಪ್ರಶ್ನೆ ಇಲ್ಲದಿದ್ದರೆ ಮಕ್ಕಳು ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿಕೊಂಡು ಹೋಗುತ್ತಾರೆ, ಅದು ಕಥೆಯಾಗುತ್ತದೆ.

ಈಸೂರಿನಲ್ಲಿ ಒಳ್ಳೆಯ ಪ್ರಶ್ನೆಯೊಂದು ಕಾದು ಕೂತಿದೆ. ಈಸೂರು ಇರುವ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಆಗ ನೇರ ಬ್ರಿಟಿಷ್ ಆಳ್ವಿಕೆಯಲ್ಲಿರಲಿಲ್ಲ, ಮೈಸೂರು ಸಂಸ್ಥಾನದಲ್ಲಿತ್ತು. 1942ರ ಸೆಪ್ಟೆಂಬರ್‌ನಲ್ಲಿ ಈಸೂರಿನಲ್ಲಿ ಊರವರೊಂದಿಗಿನ ಘರ್ಷಣೆಯಲ್ಲಿ ಸತ್ತ ಅಮಲ್ದಾರರೂ (ತಾಲ್ಲೂಕಿನ ಕಂದಾಯ ಅಧಿಕಾರಿ) ಪೊಲೀಸ್ ಅಧಿಕಾರಿಯೂ ಮಹಾರಾಜರ ಸರ್ಕಾರದ ನೌಕರರು. ಆ ಕೊಲೆ ಪ್ರಕರಣದಲ್ಲಿ 1943ರ ಮಾರ್ಚ್‌ನಲ್ಲಿ ಊರಿನ ಐವರಿಗೆ ಗಲ್ಲಾದದ್ದೂ ಸಂಸ್ಥಾನದ ನ್ಯಾಯವ್ಯವಸ್ಥೆಯಲ್ಲೇ. ಹಾಗಾಗಿ ಪ್ರಶ್ನೆ ಹೀಗಿರಲಿ: ‘ಈಸೂರು ದಂಗೆಗೆ ಕ್ವಿಟ್ ಇಂಡಿಯಾ ಕರೆ ಎಷ್ಟರ ಮಟ್ಟಿಗೆ ಕಾರಣ, ಮೈಸೂರು ಸರ್ಕಾರದ ಮೇಲಿನ ಅಸಮಾಧಾನ ಎಷ್ಟರ ಮಟ್ಟಿಗೆ?’ ‘ಎಷ್ಟರ ಮಟ್ಟಿಗೆ’ ಎಂದು ಕೇಳಿದ ಕೂಡಲೇ ಎರಡೂ ಕಡೆಯ ಪುರಾವೆ ತೂಗಲೇಬೇಕಾಗುತ್ತದೆ.

1500 ಪದದಲ್ಲಿ ಪೀಠಿಕೆಗೆ 150, ಹಿನ್ನೆಲೆಗೆ 200, ಆಕರಗಳ ಪರಿಶೀಲನೆಗೆ 250, ವಿಶ್ಲೇಷಣೆಗೆ 750, ಉಪಸಂಹಾರಕ್ಕೆ 150 ಇಡಿ. ಹೆಚ್ಚಿನ ವರದಿಗಳು ಕೆಡುವುದು ಹಿನ್ನೆಲೆಯಲ್ಲಿ. ಗಾಂಧೀಜಿಯವರ ಜೀವನದಿಂದ ಶುರುಮಾಡಿ ಅರ್ಧ ವರದಿ ಅದಕ್ಕೇ ಖರ್ಚಾಗುತ್ತದೆ. ಇಲ್ಲಿ ಬೇಕಾದದ್ದು ಮೂರೇ ಸಂಗತಿ: 1938ರಲ್ಲಿ ಸಂಸ್ಥಾನದೊಳಗೆ ಧ್ವಜ ಹಾರಿಸಲು ನಡೆದ ಶಿವಪುರ ಧ್ವಜ ಸತ್ಯಾಗ್ರಹ ಮತ್ತು ಅದೇ ವರ್ಷ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ವಿದುರಾಶ್ವತ್ಥದ ಗೋಲೀಬಾರು, ಜವಾಬ್ದಾರಿ ಸರ್ಕಾರದ (ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರದ) ಬೇಡಿಕೆ, ಕ್ವಿಟ್ ಇಂಡಿಯಾ ಕರೆ ಕೊಟ್ಟ 1942ರ ಆಗಸ್ಟ್ 8ರ ಕಾಂಗ್ರೆಸ್ಸಿನ ಬೊಂಬಾಯಿ ನಿರ್ಣಯ.

ವಿಶ್ಲೇಷಣೆಯನ್ನು ದಿನಾಂಕದ ಪ್ರಕಾರ ಕಟ್ಟಬೇಡಿ, ವಾದದ ಪ್ರಕಾರ ಕಟ್ಟಿ. ಪ್ರತಿ ಪ್ಯಾರಾದ ಮೊದಲ ವಾಕ್ಯ ಒಂದು ವಾದ ಹೇಳಲಿ, ಆಮೇಲೆ ಪುರಾವೆ, ಆಮೇಲೆ ಆ ಪುರಾವೆ ವಾದವನ್ನು ಹೇಗೆ ಬೆಂಬಲಿಸುತ್ತದೆ ಎಂಬ ವಿವರಣೆ. ಈ ಮೂರನೆಯದನ್ನೇ ಮಕ್ಕಳು ಬಿಟ್ಟುಬಿಡುತ್ತಾರೆ. ಉದಾಹರಣೆಗೆ, ಈಸೂರಿನ ವೀರಭದ್ರ ದೇವಸ್ಥಾನದ ಮೇಲೆ ರಾಷ್ಟ್ರಧ್ವಜ ಹಾರಿಸಿದ್ದು ಕ್ವಿಟ್ ಇಂಡಿಯಾ ಪ್ರಭಾವದ ಕಡೆಗೆ ಬೊಟ್ಟು ಮಾಡುತ್ತದೆ. ಊರಿಗೇ ಬೇರೆ ಸರ್ಕಾರ ಸಾರಿ ಹುಡುಗರನ್ನು ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿದ್ದು ಎದುರಿಗಿದ್ದ ಮೈಸೂರು ಆಡಳಿತವನ್ನೇ ತಿರಸ್ಕರಿಸಿದ್ದು. ಒಂದೇ ಊರಿನ ಎರಡು ಕ್ರಿಯೆ ಎರಡು ದಿಕ್ಕಿಗೆ ಎಳೆಯುತ್ತವೆ, ಅದನ್ನು ಮುಚ್ಚಿಡದೆ ಬರೆಯಲಿ. ಅಂಕ ಇರುವುದೇ ಅಲ್ಲಿ.

ಪೀಠಿಕೆಯನ್ನು ಕೊನೆಯಲ್ಲಿ ಬರೆಸಿ. ಉಪಸಂಹಾರದಲ್ಲಿ ಹೊಸ ಪುರಾವೆ ಬರಕೂಡದು, ಪ್ರಶ್ನೆಗೆ ನೇರ ಉತ್ತರ ಬರಬೇಕು. ‘ಇವರ ತ್ಯಾಗವನ್ನು ಎಂದೂ ಮರೆಯಬಾರದು’ ಎಂಬ ಮಾತು ನಿಜವೇ, ಆದರೆ ಅದು ಭಾಷಣಕ್ಕೆ ಸರಿ.

ಮರುಪ್ರಶ್ನೆ: ತುಂಬಾ ಧನ್ಯವಾದ ಸರ್. ಆಕರಗಳ ಪರಿಶೀಲನೆ ಅಂದರೆ ಪುಸ್ತಕಗಳ ಪಟ್ಟಿಯೇ? ನಮ್ಮ ಸಂಬಂಧಿಕರು ಶಿಕಾರಿಪುರದಲ್ಲಿದ್ದಾರೆ, ಅವರನ್ನು ಮಾತಾಡಿಸಬಹುದಾ?

ಉತ್ತರ: ಪಟ್ಟಿ ಬೇರೆ, ಅದು ಕೊನೆಯ ಪುಟಕ್ಕೆ. ಇಲ್ಲಿ ಎರಡೇ ಆಕರ ಆರಿಸಿ, ತಲಾ 125 ಪದ. ಯಾರು ಬರೆದದ್ದು, ಯಾವಾಗ, ಯಾರಿಗಾಗಿ, ಆದ್ದರಿಂದ ಯಾವುದಕ್ಕೆ ನಂಬಬಹುದು, ಯಾವುದಕ್ಕೆ ನಂಬಲಾಗದು. ‘ಸರ್ಕಾರಿ ದಾಖಲೆ, ಆದ್ದರಿಂದ ಪಕ್ಷಪಾತಿ’ ಎಂದು ಮುಗಿಸಿದರೆ ಸಾಲದು. ಕೊಲೆ ಪ್ರಕರಣದ ತೀರ್ಪು ಆರೋಪಿಗಳ ಹೆಸರು, ದಿನಾಂಕ, ಸಾಕ್ಷಿ ಹೇಳಿಕೆಗೆ ಗಟ್ಟಿ ಆಕರ. ಆದರೆ ಜನ ಯಾಕೆ ಸಿಟ್ಟಿಗೆದ್ದರು ಎಂಬುದು ನ್ಯಾಯಾಲಯಕ್ಕೆ ಮುಖ್ಯ ಪ್ರಶ್ನೆಯಲ್ಲ, ಅದನ್ನು ಅಲ್ಲಿ ಹುಡುಕಿದರೆ ಅರ್ಧವೇ ಸಿಗುತ್ತದೆ.

ಸಂಬಂಧಿಕರನ್ನು ಖಂಡಿತ ಮಾತಾಡಿಸಿ. 1942ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ, ಹಾಗಾಗಿ ಸಿಗುವುದು ಹೆಚ್ಚಾಗಿ ಮಕ್ಕಳು ಮೊಮ್ಮಕ್ಕಳು ಕೇಳಿಸಿಕೊಂಡ ಮಾತು. ‘ನೀವು ಕಂಡದ್ದಾ, ಕೇಳಿದ್ದಾ, ಯಾರಿಂದ ಕೇಳಿದ್ದು?’ ಎಂಬುದು ಮೊದಲ ಪ್ರಶ್ನೆಯಾಗಲಿ. ಅನುಮತಿ ಪಡೆದು ರೆಕಾರ್ಡ್ ಮಾಡಿ, ದಿನಾಂಕ ಬರೆದಿಡಿ.

ಇನ್ನೊಬ್ಬ ಸದಸ್ಯರು (ಗ್ರಂಥಪಾಲಕರು): ಒಂದು ಸೇರಿಸುತ್ತೇನೆ. ಶಿವಮೊಗ್ಗ ಜಿಲ್ಲಾ ಗೆಜೆಟಿಯರ್ (ಸರ್ಕಾರ ಪ್ರಕಟಿಸುವ ಜಿಲ್ಲೆಯ ಮಾಹಿತಿ ಗ್ರಂಥ) ಮೊದಲು ನೋಡಿ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಓದುವಾಗ ಒಂದು ಸಂಗತಿಗೆ ಒಂದು ಚೀಟಿ ಮಾಡಿ, ಚೀಟಿಯ ಮೇಲೆ ಪುಸ್ತಕದ ಹೆಸರು, ಪುಟ ಸಂಖ್ಯೆ ಆಗಲೇ ಬರೆದುಬಿಡಿ. ಕೊನೆಗೆ ಹುಡುಕಿದರೆ ಪುಟ ಸಿಗುವುದಿಲ್ಲ, ಅಡಿಟಿಪ್ಪಣಿ ಖಾಲಿ ಉಳಿಯುತ್ತದೆ. ಎರಡು ಆಕರಗಳಲ್ಲಿ ದಿನಾಂಕ ಬೇರೆಬೇರೆ ಇದ್ದರೆ ಒಂದನ್ನು ಸುಮ್ಮನೆ ಆರಿಸಬೇಡಿ. ಎರಡನ್ನೂ ಅಡಿಟಿಪ್ಪಣಿಯಲ್ಲಿ ಕೊಟ್ಟು, ಯಾವುದನ್ನು ಒಪ್ಪಿದಿರಿ, ಯಾಕೆ ಎಂದು ಒಂದು ವಾಕ್ಯ ಬರೆಯಿರಿ.